ಕರು ಕಟ್ಟುವ ಗಂಟು

ಅಕ್ಕಾ,

ನಿನ್ನ ಮಗನಿದ್ದ ದಂಡಿನ ಬಿಡಾರಕ್ಕೆ ನಿನ್ನೆ ಬಂದು ಮುಟ್ಟಿದೆ. ಮಣ್ಣು ಮಾಡಿದ ಜಾಗ ನೋಡಿದೆ, ಚೊಕ್ಕಟವಾಗಿದೆ. ಮುಂಚೂಣಿಯ ಕಾವಲಿನವರಿಗೆ ನೀರು ಹೊತ್ತು ಹೋಗುವಾಗ ಗುಂಡು ತಗುಲಿತಂತೆ. "ನರಳಲಿಲ್ಲ ಮಾವ, ತಕ್ಷಣ ಹೋಗ್ಬಿಟ್ಟ" ಎಂದ ಅವನ ಜೊತೆಗಾರ. ನಾನು ನಂಬಿದ್ದೇನೆ, ನೀನೂ ನಂಬು.

ಒಂದು ಸೋಜಿಗ ಕೇಳು. ಇಲ್ಲಿ ಡೇರೆಗಳ ಹಗ್ಗಕ್ಕೆಲ್ಲ ನಮ್ಮ ಕೊಟ್ಟಿಗೆಯ ಗಂಟು! ಕರು ಕಟ್ಟಲು ನೀನು ಕಲಿಸಿದ್ದೆಯಲ್ಲ, ಎಷ್ಟು ಜಗ್ಗಿದರೂ ಬಿಡದೆ, ತುದಿ ಎಳೆದರೆ ಸರಕ್ಕನೆ ಬಿಚ್ಚುವುದು, ಅದೇ. ಎಲ್ಲರಿಗೂ ಅವನೇ ಹೇಳಿಕೊಟ್ಟನಂತೆ. ದೊಡ್ಡ ಸಾಹೇಬರ ಡೇರೆಯನ್ನೂ ಕರುವಿನಂತೆ ಕಟ್ಟಿಹಾಕಿದ್ದಾರೆ. ಅವನಿಗಿಲ್ಲಿ "ಕರು" ಎಂದೇ ಹೆಸರು.

ಅವನ ಪೆಟ್ಟಿಗೆ ಕೊಟ್ಟರು. ಅದಕ್ಕೂ ಅದೇ ಗಂಟು. ಒಳಗಿನದನ್ನು ತೋರಿಸಲು ಗುಮಾಸ್ತ ಚಾಕು ತೆಗೆದ. "ಹಗ್ಗ ಮುಟ್ಟಿದ್ರೆ ಕೈ ಮುರೀತೀನಿ" ಎಂದು ರೇಗಿಬಿಟ್ಟೆ. ಪಾಪ, ಅವನದೇನು ತಪ್ಪು.

ನನಗೆ ಸ್ವಲ್ಪ ಕೆಮ್ಮು, ಉಳಿದಂತೆ ಚೆನ್ನಾಗಿದ್ದೇನೆ. ಸೋಮವಾರದ ರೈಲಿಗೆ ಹೊರಡುತ್ತೇನೆ. ಟಪಾಲಿನವನು ಅವಸರ ಮಾಡುತ್ತಿದ್ದಾನೆ. ಪೆಟ್ಟಿಗೆಯನ್ನು ಇದ್ದ ಹಾಗೇ ತರುತ್ತೇನೆ. ಅವನೇ ಕೈಯಾರೆ ಹಾಕಿದ ಗಂಟು ಉಳಿದಿರುವುದು ಅದೊಂದೇ. ಎಳೆಯುವುದೋ ಬಿಡುವುದೋ, ನೀನೇ ನೋಡು.

ನಿನ್ನ ತಮ್ಮ