ಮಾತ್ರೆ ಡಬ್ಬಿ ನಾನೇ ಒಯ್ದಿದ್ದೇನೆ

ಅಣ್ಣಾ,

ನೆಗಡಿ ಬಂತೆಂದು ಬೆರಳು ಕೊಯ್ದುಕೊಂಡರಂತೆ. ಇದು ನಡೆದ ಕಥೆ, ಬೆರಳು ನಿನ್ನದು.

ನಾನು ಕೆಲಸಕ್ಕೆ ಹೊರಟೆ. ಮಾತ್ರೆ ಡಬ್ಬಿ ಹುಡುಕಬೇಡ, ನನ್ನ ಚೀಲದಲ್ಲಿದೆ. ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಗರಗಸದ ಮುಂದೆ ನಿಲ್ಲುವವನಿಗೆ ಇನ್ನು ನೆಗಡಿ ಮಾತ್ರೆ ಇಲ್ಲ, ಮೂಗಿನ ಸ್ಪ್ರೇ ಮಾತ್ರ. ಕನ್ನಡಿ ಹತ್ತಿರ ಇಟ್ಟಿದ್ದೇನೆ.

ಡಾಕ್ಟರ್ ಹೇಳಿದ್ದು ನಿನ್ನ ಕಿವಿಗೆ ಬಿದ್ದಿಲ್ಲ, ನೀನು ಬ್ಯಾಂಡೇಜನ್ನೇ ನೋಡ್ತಾ ಕೂತಿದ್ದೆ. ನೀನು ನುಂಗುತ್ತಿದ್ದ ಹಳೇ ಮಾತ್ರೆ ಬೇಗ ಸೀನು ನಿಲ್ಲಿಸುತ್ತೆ, ಜೊತೆಗೆ ನಿನ್ನನ್ನೂ ಮಲಗಿಸುತ್ತೆ. ಅಷ್ಟು ನಿದ್ದೆ ತರದ ಮಾತ್ರೆಗಳೂ ಇವೆಯಂತೆ, ಆದರೆ ಅಲರ್ಜಿಯಿಂದ ಕಟ್ಟಿದ ನಿನ್ನ ಮೂಗಿಗೆ ಸ್ಪ್ರೇನೇ ಮೇಲಂತೆ. ಅದು ಮೂಗಲ್ಲೇ ಕೆಲಸ ಮಾಡುತ್ತೆ, ತೂಕಡಿಕೆ ತರಲ್ಲ. ತಕರಾರು ಒಂದೇ, ನಿಧಾನ. ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ದಿನಾ ಹೊಡೀಬೇಕು. "ಮೂಗಿಗೆ ತುಪ್ಪ ಸವರೋಕೆ ಬಂದ್ಳು" ಅಂತ ಎರಡನೇ ದಿನವೇ ಮೂಲೆಗೆಸೆದರೆ ನಾನು ಸುಮ್ಮನಿರಲ್ಲ.

ತುದಿಯನ್ನು ಕಿವಿ ಕಡೆಗೆ ತಿರುಗಿಸು, ಮೂಗಿನ ನಡುಗೋಡೆಗೆ ಬೇಡ. ಎಡಗೈಯಲ್ಲಿ ಒತ್ತೋಕೆ ಆಗದಿದ್ದರೆ ಅಮ್ಮನನ್ನು ಕರಿ, ಬಿಗುಮಾನ ಬೇಡ.

ಇನ್ನೊಂದು ಮಾತು, ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ. ನೀನು ಹಲಗೆ ಕೊಯ್ಯುತ್ತಲೇ ತೂಕಡಿಸ್ತೀಯ ಅಂತ ನಿಮ್ಮ ಮೇಸ್ತ್ರಿ ಹೇಳಿದ್ದನ್ನು ಹೋದ ವಾರ ಊಟದ ಹೊತ್ತಲ್ಲಿ ನಟಿಸಿ ತೋರಿಸಿದೆನಲ್ಲ, ಕತ್ತು ಜೋಲಿಸಿ, ಬಾಯಲ್ಲೇ ಗರಗಸದ ಸದ್ದು ಮಾಡಿ. ಅದು ಮಾತ್ರೆಯ ಕೆಲಸ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ನಕ್ಕರು. ಹತ್ತೂ ಬೆರಳಲ್ಲಿ ಮೇಜು ಬಡಿಯುತ್ತ ಎಲ್ಲರಿಗಿಂತ ಜೋರಾಗಿ ನಕ್ಕವನು ನೀನೇ.