ಬಿಚ್ಚಿಸದ ಬ್ರೇಕ್

ಅಪ್ಪಾ,

ನೀನು ಬಿಟ್ಟುಹೋದ ಹಳೇ ಪಿಕಪ್ಪನ್ನು ಇವತ್ತು ರಸ್ತೆಗಿಳಿಸಿದೆ. ಎಂಜಿನ್ ಬಿಚ್ಚಿ ಕಟ್ಟಿಸಿದ್ದೆ, ಅದೇ ಹಸಿರು ಬಣ್ಣ ಹೊಡೆಸಿದ್ದೆ. ಬ್ರೇಕ್ ಮಾತ್ರ ಬಿಚ್ಚಿಸಿರಲಿಲ್ಲ. ಅದು ಸರಿಯಾಗೇ ಇದೆ ಎಂದು ಮೆಕ್ಯಾನಿಕ್‌ನ ಬಾಯಿ ಮುಚ್ಚಿಸಿದ್ದೆ.

ಇಳಿಜಾರಿನಲ್ಲಿ ಪೆಡಲ್ ತಳಕ್ಕೇ ಹೋಯಿತು. ಎದುರಿಗೆ ಒಬ್ಬ ಮುದುಕಿ ರಸ್ತೆ ದಾಟುತ್ತಿದ್ದಳು. ಹ್ಯಾಂಡ್‌ಬ್ರೇಕ್ ಎಳೆದು, ಗೋಡೆಗೆ ಉಜ್ಜಿ ನಿಲ್ಲಿಸಿದೆ.

ನೀನು ಈ ಗಾಡಿಯನ್ನು ಗೇಟಿಗೆ ಗುದ್ದಿದ ದಿನ, "ಬ್ರೇಕ್ ಹಿಡೀಲಿಲ್ಲ ಮಗಳೇ" ಅಂದಿದ್ದೆ. ನಾನು ಒತ್ತಿ ನೋಡಿದಾಗ ಅದು ಗಟ್ಟಿಯಾಗಿತ್ತು. "ವಯಸ್ಸಾಯ್ತಪ್ಪ, ಕಾಲು ತಪ್ಪಿದೆ" ಎಂದು ಎಲ್ಲರೆದುರು ಕೀ ಕಿತ್ತುಕೊಂಡೆ.

ಇವತ್ತು ಮೆಕ್ಯಾನಿಕ್ ಬ್ರೇಕ್ ಬಿಚ್ಚಿ, ಒಳಗೆ ಸವೆದ ರಬ್ಬರ್ ತೋರಿಸಿದ. "ಇದು ಹಳೇ ಕಾಯಿಲೆ ಅಕ್ಕ. ಒಂದ್ಸಲ ಹಿಡಿಯುತ್ತೆ, ಒಂದ್ಸಲ ಕೈಕೊಡುತ್ತೆ. ಮುಂಚೆ ಓಡಿಸ್ತಿದ್ದವರು ಹೇಳಿರಲಿಲ್ವಾ?"

"ಹೇಳಿದ್ರು" ಅಂದೆ.