ಅಪ್ಪನ ಎದೆಗೊಂದು ಜಾಕೀಟು

ನನ್ನ ಹಟಮಾರಿ ಅಪ್ಪನಿಗೆ,

ನಾಳೆ ಬೆಳಗಿನ ಬಸ್ಸಿಗೆ ನಿನ್ನ ಅಳಿಯ ಹಾನಗಲ್ಲಿಗೆ ಬರುತ್ತಾರೆ. ಚೀಲದಲ್ಲಿ ನಮ್ಮ ಅಂಗಡಿಯಲ್ಲೇ ಕರಿದ ಸವಣೂರ ಖಾರ, ಕಿಸೆಯಲ್ಲಿ ಈ ಪತ್ರ. ಖಾರ ಅವ್ವನಿಗೆ, ಪತ್ರ ನಿನಗೆ. ನೀನು ಖಾರ ಮುಕ್ಕುತ್ತಾ ಪತ್ರವನ್ನು ಅವ್ವನ ಕೈಗೆ ತಳ್ಳಬೇಡ. ಫೋನಿನಲ್ಲಿ ಹೋರಿ ಎಂಬ ಶಬ್ದ ನನ್ನ ಬಾಯಿಂದ ಬಂದರೆ ಸಾಕು, "ತಗೋ, ನಿಮ್ಮವ್ವ ಮಾತಾಡ್ತಾಳಂತ" ಎಂದು ಫೋನು ದಾಟಿಸಿಬಿಡುತ್ತೀ. ಕಾಗದವನ್ನು ಹಾಗೆ ದಾಟಿಸಲು ನಿನ್ನಿಂದ ಆಗುವುದಿಲ್ಲ. ಭಜಿ ಕಟ್ಟಿಕೊಟ್ಟ ಪೇಪರಿನ ತುಂಡನ್ನೂ ಎಣ್ಣೆ ಒರೆಸಿ ಕೊನೆಯ ಸಾಲಿನ ತನಕ ಓದುವ ಮನುಷ್ಯ ನೀನು. ಇದನ್ನೂ ಓದು.

ನಿನ್ನೆ ಅವ್ವ ಫೋನ್ ಮಾಡಿದ್ದಳು. ನಾನು ಕಳಿಸಿದ ಜಾಕೀಟು ಹೇಗಿದೆ ಎಂದು ಕೇಳಿದೆ. "ಹೆಂಗೈತಿ ಅಂತೀಯೇನವಾ? ಅದನ್ನ ಹಾಕ್ಕೊಂಡು ಊರ ಮುಂದಿನ ಅಗಸಿ ಕಟ್ಟಿಗೆ ಹೋಗಿ ಕುಂತಾನ ನಿಮ್ಮಪ್ಪ. ಹೋಗೋರಿಗೆ ಬರೋರಿಗೆ ಎದಿ ಬಡದು ತೋರಸಾಕತ್ತಾನ. ಐತವಾರ ಹೋರಿ ಹಬ್ಬದಾಗ ಬದಿಗೆ ನಿಂದ್ರೂದಿಲ್ಲ, ನಡು ಅಖಾಡದಾಗ ನಿಂದ್ರತೇನಿ ಅಂತಾನ. ನನ್ನ ಮಗಳು ಕಳಿಸ್ಯಾಳ, ಇನ್ನ ನನಗೇನಾಗತೈತಿ ಅಂತಾನ" ಎಂದಳು. ಅವಳ ದನಿಯಲ್ಲಿ ಅರ್ಧ ನಗು, ಅರ್ಧ ಭಯ. ನನಗೆ ನಗು ಬರಲಿಲ್ಲ. ನಿನ್ನ ಜೀವ ಉಳಿಯಲಿ ಎಂದು ಕಳಿಸಿದ್ದನ್ನು ತೊಟ್ಟುಕೊಂಡು ನೀನು ಹೋರಿಯ ಎದುರಿಗೇ ಹೊರಟಿದ್ದೀ. ನಿನ್ನ ಮೈಯಲ್ಲಿ ಉಳಿದಿದ್ದ ಚೂರು ಅಂಜಿಕೆಯನ್ನೂ ನಾನೇ ಬಿಚ್ಚಿ ತೆಗೆದಂತಾಯಿತಲ್ಲ! ಯಾರ ಮುಂದೆ ಹೇಳಲಿ ಇದನ್ನು?

ಎದ್ದು ಬಂದು ನಿನ್ನ ಕೈ ಹಿಡಿದು ಮನೆಯೊಳಗೆ ಕೂಡ್ರಿಸೋಣವೆಂದರೆ ನಾನು ಹಾಸಿಗೆ ಬಿಟ್ಟು ಏಳುವಂತಿಲ್ಲ. ಕೂಸಿನ ಮಾಸು ಕೆಳಗಡೆ ಕೂತಿದೆಯಂತೆ. ಡಾಕ್ಟರಮ್ಮ ಖಡಕ್ಕಾಗಿ ಹೇಳಿದ್ದಾರೆ, ಬಸ್ಸಿನ ಮಾತೇ ಎತ್ತಬಾರದು, ಹೆರಿಗೆ ಇಲ್ಲೇ ಆಗಬೇಕು. ಚೊಚ್ಚಲ ಬಾಣಂತನಕ್ಕೆ ತವರಿಗೂ ಬರಲಾಗದ ಮಗಳು ನಾನು. ದಿನವಿಡೀ ಜಂತಿ ನೋಡುತ್ತಾ ಮಲಗಿರುತ್ತೇನೆ. ಕೆಳಗಿನ ಅಂಗಡಿಯಲ್ಲಿ ಇವರು ಖಾರ ಕರಿಯುವ ಸಪ್ಪಳ ಕೇಳುತ್ತದೆ. ನನ್ನ ಕಿವಿಗೆ ಮಾತ್ರ ನಮ್ಮೂರ ಅಖಾಡದ ಕೇಕೆ ಕೇಳುತ್ತದೆ.

ಇದೆಲ್ಲ ಶುರುವಾದದ್ದು ನನ್ನ ಸೀಮಂತದ ಕುಬಸದ ದಿನ. ನೀನು ಹಸಿರು ಸೀರೆ, ಇಲಕಲ್ಲಿನ ಕುಬಸ ತಂದಿದ್ದೆ. ಉಡಿ ತುಂಬುವಾಗ ಎಲ್ಲರ ನಡುವೆ ಎದ್ದು ನಿಂತು, "ನನ್ನ ಮಗಳ ಬಾಣಂತನದ ಅಂಟಿನುಂಡಿಗೆ ಓಡೋ ಹೋರಿ ಕೊರಳಾಗಿನ ಕೊಬ್ಬರಿ ಸರಾನ ಹರದು ತರ್ತೇನಿ" ಎಂದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ಏನಾಗುತ್ತಿತ್ತು? ಇವರ ಸೋದರಮಾವ ಸುಭಾಸ ಇದ್ದಾರಲ್ಲ, ಅವರ ನಾಲಿಗೆಗೆ ಒಂದು ಕಡೆ ನಿಂತು ಗೊತ್ತಿಲ್ಲ. "ಈ ವಯಸ್ಸಿನಾಗ ನಿಮ್ಮ ಕೈಗೆ ಹೋರಿ ಸಿಗತಾವೇನ್ರಿ ಬೀಗರ? ಸಂತಿ ಕೊಬ್ಬರಿ ತಂದು ಹೋರಿ ಕೊಬ್ಬರಿ ಅಂದಗಿಂದೀರಿ" ಎಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ. ಆದರೆ ನಿನ್ನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ನಿನ್ನ ಕಿವಿ ಕೆಂಪಾದರೆ ಮುಗಿಯಿತು, ಆಮೇಲೆ ನೀನು ಯಾರ ಮಾತನ್ನೂ ಕೇಳುವವನಲ್ಲ.

ಅಂದು ಸಂಜೆಯೇ ನಾನು ಇವರಿಗೆ ಗಂಟುಬಿದ್ದೆ. "ಅಪ್ಪನ್ನ ತಡಿಯಾಕ ಆಗೂದಿಲ್ಲ. ಅವನ ಎದಿಗೆ ಏನರ ಹಾಕಬೇಕು, ಹುಡಕ್ರಿ" ಎಂದೆ. ಪಾಪ, ನಿನ್ನ ಅಳಿಯ ಮಾಲತೇಶ ಕಡಲೆಹಿಟ್ಟಿನ ಕೈಯಲ್ಲೇ ಮೊಬೈಲು ಒತ್ತಿ ಒತ್ತಿ ಒಂದು ತರಿಸಿದರು. ಬುಲೆಟ್ ಪ್ರೂಫ್ ಎಂದು ಬರೆದಿತ್ತು. ಕರೀ ಬಣ್ಣ, ಮೈತುಂಬಾ ಕಿಸೆ. ನೋಡಿದರೆ ಯಾರಿಗಾದರೂ ಎದೆ ಉಬ್ಬಬೇಕು. ನಮ್ಮ ಹಿತ್ತಲಿನಾಚೆ ಎಲೆಬಳ್ಳಿ ತೋಟದ ಅಲ್ಲಾಭಕ್ಷ ಕಾಕಾ ಇದ್ದಾರಲ್ಲ, ಮಿಲಿಟರಿಯಿಂದ ನಿವೃತ್ತರಾದವರು, ಅವರಿಗೆ ತೋರಿಸಿದೆವು. ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು. ನಮ್ಮ ಅಂಗಡಿಯ ಚೀಲ ಹೊಲಿಯುವ ದಬ್ಬಣ ಕೇಳಿ ಇಸಿದುಕೊಂಡು ಎದೆಯ ಜಾಗಕ್ಕೆ ಒತ್ತಿದರು. ದಬ್ಬಣ ಬೆಣ್ಣೆಯೊಳಗೆ ಹೋದಂತೆ ಹೋಗಿ ಬೆನ್ನಿನ ಕಡೆ ಮೂತಿ ಹಾಕಿತು. ಒಳಗೆ ಬರೀ ಸ್ಪಂಜು! "ಇದು ಗುಂಡಿಗೂ ಅಲ್ಲ, ಕೋಡಿಗೂ ಅಲ್ಲವಾ. ಫೋಟೋ ತಗಸ್ಕೊಳ್ಳಾಕ ಚಂದ" ಎಂದರು.

ಆಮೇಲೆ ಅವರು ನನ್ನ ಮಂಚದ ಹತ್ತಿರ ಕುರ್ಚಿ ಹಾಕಿಕೊಂಡು ತಿಳಿಸಿ ಹೇಳಿದರು. ನಿಜವಾದ ಗುಂಡಿನ ಜಾಕೀಟಿನಲ್ಲೂ ಮೆತ್ತನೆಯ ಬಟ್ಟೆಯದು ಬೇರೆ, ಒಳಗೆ ಗಟ್ಟಿ ಹಲಗೆ ಇಟ್ಟದ್ದು ಬೇರೆಯಂತೆ. ಮೆತ್ತನೆಯದು ಪದರದ ಮೇಲೆ ಪದರ ಬಟ್ಟೆ. ಗುಂಡು ಬಂದು ಬಡಿದರೆ ನೂಲೆಲ್ಲ ಸೇರಿ ಅದನ್ನು ಹಿಡಿದು ಚಪ್ಪಟೆ ಮಾಡುತ್ತವೆ. ಆದರೆ ಮೊನೆಯಿರುವ ವಸ್ತು ನೂಲನ್ನು ಸರಿಸಿಕೊಂಡು ನಡುವೆ ನುಸುಳಿಬಿಡುತ್ತದೆ. ಹಲಗೆಯದು ಮೊನೆಯನ್ನೂ ತಡೆದೀತು, ಆದರೆ ಅದರ ಭಾರ ಹೊತ್ತುಕೊಂಡು ಹೋರಿಯ ಮುಂದೆ ಓಡುವವರು ಯಾರು? "ಗುಂಡು ತಡೀತೈತಿ ಅಂದ್ರ ಕೋಡೂ ತಡೀತೈತಿ ಅಂತ ತಿಳಕೋಬ್ಯಾಡ. ಚಾಕು, ಸೂಜಿಮೊನಿ ತಡಿಯೋದು ಬ್ಯಾರೇನ ಇರತೈತಿ. ಅದನ್ನ ಕೇಳಿ ತರಸ್ರಿ" ಎಂದರು. ಜೈಲಿನ ಕಾವಲಿನವರು ಹಾಕುವಂಥದ್ದಂತೆ ಅದು. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಗೆ ಹೇಳಿ, ಹಿಂದೆ ದಪ್ಪ ಮೆತ್ತೆಯನ್ನೂ ಹಾಕಿಸಿ ತರಿಸಿ ನಿನಗೆ ಕಳಿಸಿದೆವು. ಮೆತ್ತೆ ಯಾಕೆಂದರೆ, ಕೋಡು ಒಳಗೆ ಹೋಗದಿದ್ದರೂ ಹೋರಿಯ ಭಾರ ಒಳಗೆ ಹೋಗುತ್ತದೆ. ಅದು ನಿನಗೆ ಗೊತ್ತಿರುವ ಸಂಗತಿ. ಹಂಸಭಾವಿಯ ಹೋರಿ ಹಬ್ಬದಲ್ಲಿ ನಿನಗೆ ಕೋಡು ಹೊಕ್ಕಿರಲಿಲ್ಲ, ಹೋರಿ ಬರೀ ತಲೆಯಿಂದ ನೂಕಿ ಗೋಡೆಗೆ ಒತ್ತಿತ್ತು. ಪಕ್ಕೆಲುಬು ಮುರಿದು, ಒಂದು ಮಾತಾಡಲು ಮೂರು ಸಲ ಉಸಿರು ತಗೊಳ್ಳುತ್ತಿದ್ದೆ. ನೋಡಲು ಬಂದ ನನ್ನನ್ನೇ, "ಅಳಬ್ಯಾಡ ಸವ್ವಿ, ಕೊಬ್ಬರಿ ಕೈಯಾಗ ಐತಿ" ಎಂದು ಸಮಾಧಾನ ಮಾಡಿದೆ. ಆ ಕೊಬ್ಬರಿಯನ್ನು ಎತ್ತಿ ಹಿತ್ತಲಿಗೆ ಎಸೆಯಬೇಕೆನಿಸಿತ್ತು ನನಗೆ. ಎಸೆಯಲಿಲ್ಲ, ತಿಂದೆ.

ಕಾಕಾ ಇನ್ನೂ ಒಂದು ಮಾತು ಹೇಳಿದರು. ಜಾಕೀಟಿಗೆ ಒಮ್ಮೆ ಜೋರಾದ ಪೆಟ್ಟು ಬಿದ್ದರೆ ಮತ್ತೆ ಅದನ್ನು ನಂಬಬಾರದಂತೆ. ಹೊರಗಡೆ ನೋಡಲು ನೆಟ್ಟಗೇ ಇರುತ್ತದೆ, ಒಳಗೆ ಎಲ್ಲಿ ಸೋತಿದೆಯೋ ಕಾಣುವುದಿಲ್ಲ. ತೆಗೆದು ಬೇರೆ ತರಬೇಕಂತೆ. ಅವರು ಹೇಳುತ್ತಿದ್ದದ್ದು ಜಾಕೀಟಿನ ಮಾತು, ನನ್ನ ಕಣ್ಣಿಗೆ ಕಂಡದ್ದು ನೀನು. ಒಮ್ಮೆ ಪೆಟ್ಟು ತಿಂದ ಅಪ್ಪನನ್ನು ತೆಗೆದಿಟ್ಟು ಬೇರೆ ಎಲ್ಲಿಂದ ತರಲಿ?

ಇನ್ನು ಅಳತೆಯ ಫಜೀತಿ. ಟೇಪು ಹಿಡಿದರೆ ನಿನಗೆ ಗುಟ್ಟು ರಟ್ಟಾಗುತ್ತದೆಂದು, ಮಧ್ಯಾಹ್ನ ನೀನು ಪಡಸಾಲೆಯಲ್ಲಿ ಗೊರಕೆ ಹೊಡೆಯುವಾಗ ಅವ್ವ ಗೇಣು ಹಾಕಿ ಎದೆ ಅಳೆದು ನನಗೆ ಫೋನಿನಲ್ಲಿ ಹೇಳಿದಳು. ನಾನು ಮಲಗಿದಲ್ಲೇ ನನ್ನ ಗೇಣಿನಿಂದ ಗೋಡೆಯ ಮೇಲೆ ಅಳೆದು, ಇಂಚು ಮಾಡಿ ಬರೆಸಿದೆ. ಅವ್ವನ ಗೇಣು ಗುಬ್ಬಿಯ ಕಾಲಿನಷ್ಟು, ನನ್ನದು ನಿನ್ನಂತೆ ಉದ್ದ ಬೆರಳಿನದು ಎಂಬುದು ಹೊಳೆಯಲೇ ಇಲ್ಲ. ಅವ್ವ ನಿನ್ನೆ "ಅದರಾಗ ಇನ್ನೊಬ್ಬ ಹಿಡೀತಾನವಾ" ಎಂದಾಗಲೇ ತಪ್ಪು ತಿಳಿದದ್ದು. ನೀನೋ, ಸಡಿಲಿದ್ದರೆ ಗಾಳಿ ಆಡುತ್ತದೆ ಎಂದೆಯಂತೆ! ಅಯ್ಯೋ ಅಪ್ಪಾ, ಅದು ಬೇಸಿಗೆಯ ಬನಿಯನ್ ಅಲ್ಲ. ಸಡಿಲ ಜಾಕೀಟು ಕೈ ಎತ್ತಿದ ಕೂಡಲೇ ಗದ್ದಕ್ಕೆ ಬಂದು ಬಡಿಯುತ್ತದೆ, ಹೊಟ್ಟೆ ಬಯಲಾಗುತ್ತದೆ. ಕೊಬ್ಬರಿ ಹರಿಯುವವನು ಕೈ ಎತ್ತದೆ ಇರುತ್ತಾನೆಯೇ? ಬದಲಿಸಿ ಕೊಡಿ ಎಂದರೆ ವ್ಯಾಪಾರಿ, ಇನ್ನೊಂದು ಬರಲು ಹದಿನೈದು ದಿನ ಎನ್ನುತ್ತಾನೆ. ಹಬ್ಬ ಐತವಾರ. ಪಕ್ಕದ ಪಟ್ಟಿಗಳನ್ನು ಎಳೆದು ಬಿಗಿ ಎಂದು ಬರೆಯಬಹುದು. ಎಳೆದರೂ ಅದು ಇನ್ನೊಬ್ಬನ ಅಳತೆಯ ಜಾಕೀಟೇ.

ಸರಿಯಾದ ಅಳತೆಯದು ಸಿಕ್ಕಿದ್ದರೂ ಏನಾಗುತ್ತಿತ್ತು? ನಾನು ಕಾಕಾನನ್ನು ಕೇಳಿದೆ, ಕುತ್ತಿಗೆಗೆ ಏನು? ಅದಕ್ಕಿಲ್ಲ. ಕಂಕುಳಿಗೆ? ಅದಕ್ಕಿಲ್ಲ. ಹೊಕ್ಕುಳದ ಕೆಳಗೆ, ತೊಡೆಗೆ? ಅವರು ತಲೆ ಅಲ್ಲಾಡಿಸಿದರು. "ಎಲ್ಲಾ ಮುಚ್ಚಿದ್ರ ಮನಶ್ಯಾ ಓಡೂದು ಹೆಂಗವಾ?" ಎಂದರು. ನಾನು ಮತ್ತೂ ಕೇಳುತ್ತಲೇ ಇದ್ದೆ. ಕೊನೆಗೆ ಆ ಮನುಷ್ಯನೇ ಕಣ್ಣು ತಪ್ಪಿಸಿ, "ಜಾಕೀಟು ಹಾಕ್ಕೊಂಡು ಹೋದವ್ರೂ ತಿರುಗಿ ಮನಿಗೆ ಬಂದಿಲ್ಲ ಬೇಟಿ. ನಾ ಕಂಡೇನಿ" ಎಂದು ಎದ್ದು ತೋಟಕ್ಕೆ ಹೋದರು.

ಈ ಸಲ ಶಿಗ್ಗಾಂವ ಕಡೆಯಿಂದ ತಹಶೀಲ್ದಾರ ಬರುತ್ತಾನಂತೆ. ಹೋರಿಗೆ ಇಟ್ಟ ಹೆಸರು ನೋಡು! ಅವನ ವಿಡಿಯೋ ನೋಡಿದೆ, ನೋಡಬಾರದಿತ್ತು. ಮೈತುಂಬ ಬಲೂನು, ಕೊರಳ ತುಂಬ ಕೊಬ್ಬರಿ ಸರ. ಜನ ಎರಡೂ ಕಡೆ ಸೀಳಿಕೊಂಡು ಬೀಳುತ್ತಾರೆ. ಅವನು ಬದಿಗೆ ನಿಂತವರನ್ನು ತಿರುಗಿಯೂ ನೋಡುವುದಿಲ್ಲ, ನಡುವೆ ನಿಂತವನನ್ನು ಹುಡುಕಿಕೊಂಡು ಬರುತ್ತಾನೆ. ಆ ನಡುವೆ ನಿಂತವನ ಜಾಗದಲ್ಲಿ ನಿನ್ನನ್ನು ಇಟ್ಟು ನೋಡಿದೆ. ಹೊಟ್ಟೆಯೊಳಗಿನ ಕೂಸು ಜಾಡಿಸಿ ಒದೆಯಿತು. ಕಿರುಚಿದೆನೆಂದು ಕಾಣುತ್ತದೆ, ಇವರು ಕರಿಯುವ ಜಾರಿ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

ಹೋಗಬೇಡ ಎಂದು ಬರೆದರೆ ನೀನು ಹೋಗುತ್ತೀ. ಆಣೆ ಹಾಕಿದರೆ, ಹೆಣ್ಣುಮಕ್ಕಳ ಆಣೆ ನೀರಿನ ಮೇಲಿನ ಗುಳ್ಳೆ ಎಂದು ನಗುತ್ತೀ. ಅವ್ವ ಬಾಗಿಲಿಗೆ ಅಡ್ಡ ನಿಂತರೆ ಹಿತ್ತಲಿನಿಂದ ಜಿಗಿಯುತ್ತೀ. ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ. ಅದಕ್ಕೇ ಇಷ್ಟು ದಿನ ಬಾಯಿ ಬಿಡದ ಒಂದು ಮಾತನ್ನು ಬಿಚ್ಚಿ ಬರೆಯುತ್ತಿದ್ದೇನೆ. ಸಿಟ್ಟಾಗಬೇಡ.

ಹಂಸಭಾವಿಯ ಆ ಪೆಟ್ಟಿನ ನಂತರವೂ ಎರಡು ವರ್ಷ ದೀಪಾವಳಿ ಆದಮೇಲೆ ನೀನು ಕೊಬ್ಬರಿ ಕಳಿಸಿದೆ. "ಬದಿಗೆ ನಿಂತು ಹರದೇನಿ, ಅಂಜಬ್ಯಾಡ" ಎಂದು ಫೋನಿನಲ್ಲಿ ಹೇಳಿದೆ. ಮೊದಲ ವರ್ಷ ಚೀಲ ಬಿಚ್ಚಿ ಕೊಬ್ಬರಿ ಬಟ್ಟಲು ಕೈಗೆತ್ತಿಕೊಂಡಾಗಲೇ ನನಗೆ ತಿಳಿಯಿತು ಅಪ್ಪಾ. ಸಣ್ಣವಳಿದ್ದಾಗಿನಿಂದ ನೀನು ತಂದ ಹೋರಿ ಕೊಬ್ಬರಿ ತಿಂದು ಬೆಳೆದವಳು ನಾನು. ಸರದ ದಾರ ತಿಕ್ಕಿ ತಿಕ್ಕಿ ಅದರ ತೂತು ಸವೆದಿರುತ್ತದೆ. ಅಂಚಿಗೆ ಗುಲಾಲು ಹತ್ತಿರುತ್ತದೆ. ಹೋರಿಯ ಬೆವರಿನ ವಾಸನೆ ತೊಳೆದರೂ ಹೋಗುವುದಿಲ್ಲ. ನೀನು ಕಳಿಸಿದ್ದಕ್ಕೆ ತೂತೇನೋ ಇತ್ತು, ಆದರೆ ಬೆಳ್ಳಗೆ, ದುಂಡಗೆ, ಆಗಷ್ಟೇ ದಬ್ಬಣ ಹಾಕಿ ತಿರುವಿದ್ದು. ಹಾನಗಲ್ಲಿನ ಸಂತೆಯಿಂದ ತಂದು, ಪಡಸಾಲೆಯಲ್ಲಿ ಕುಳಿತು, ಕನ್ನಡಕ ಮೂಗಿಗೆ ಇಳಿಸಿಕೊಂಡು ಒಂದೊಂದಕ್ಕೂ ತೂತು ಹಾಕಿದ್ದೆ ನೀನು. ನನಗೆ ಅದು ಕಣ್ಣಿಗೆ ಕಟ್ಟಿತು. ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ನೀನು ಅಖಾಡಕ್ಕೆ ಹೋಗಿಲ್ಲ ಎಂಬ ಸಂತೋಷಕ್ಕೆ ಅತ್ತೆ. ನನ್ನ ಜನ್ಮದಲ್ಲಿ ಅಷ್ಟು ರುಚಿಯಾದ ಕೊಬ್ಬರಿ ತಿಂದಿಲ್ಲ.

ಯಾರಿಗೂ ಹೇಳಲಿಲ್ಲ. ಇವರಿಗೂ ಇಲ್ಲ. ಎಲ್ಲರಿಗೂ ಒಂದೊಂದು ತುಂಡು ಕೊಟ್ಟು, "ನಮ್ಮಪ್ಪ ಹೋರಿಯಿಂದ ಹರದಿದ್ದು" ಎಂದೆ. ಸುಭಾಸ ಮಾವನಿಗೂ ಗೊತ್ತಿಲ್ಲ, ಅವರು ಆಡಿದ್ದು ಬರೀ ಬಾಯಿಚಪಲದ ಮಾತು.

ಅದಕ್ಕೇ ಕೇಳುತ್ತೇನೆ, ಈ ಸಲವೂ ಹಾಗೇ ಮಾಡು. ಐತವಾರ ಬೆಳಿಗ್ಗೆ ಆ ಜಾಕೀಟು ಹಾಕಿಕೊಂಡೇ ಮನೆಯಿಂದ ಹೊರಡು, ಊರೆಲ್ಲ ನೋಡಲಿ. ಅಗಸಿ ದಾಟಿ ನಮ್ಮ ಹೊಲದ ಕಡೆ ಹೊರಳು. ಸಂಜೆ ಕೊಬ್ಬರಿ ಹಿಡಿದುಕೊಂಡು ಬಾ. ಅಖಾಡದಲ್ಲಿ ನಿನ್ನನ್ನು ಕಾಣಲಿಲ್ಲ ಎಂದು ಯಾರಾದರೂ ಅಂದರೆ, ಅಷ್ಟು ಜನರ ಗದ್ದಲದಲ್ಲಿ ಯಾರು ಯಾರನ್ನು ಕಂಡಾರು? ಮಾವನ ಬಾಯಿಯನ್ನು ನಾನು ಮುಚ್ಚಿಸುತ್ತೇನೆ. ಆದರೆ ಈ ಸಲ ಸ್ವಲ್ಪ ನಿಗಾ ಇಟ್ಟು ಮಾಡು. ತೂತು ದೊಡ್ಡದು ಹಾಕು. ದಾರ ಪೋಣಿಸಿ, ಗುಲಾಲು ಹಚ್ಚಿ, ಹಬ್ಬಕ್ಕೆ ಮೊದಲೇ ನಮ್ಮ ಎತ್ತಿನ ಕೊರಳಿಗೆ ಒಂದೆರಡು ದಿನ ಕಟ್ಟಿ ಬಿಡು, ವಾಸನೆ ಹಿಡಿಯಲಿ. ನಾನು ನಂಬುತ್ತೇನೆ. ನನ್ನ ಕೂಸಿಗೂ ದೊಡ್ಡದಾದ ಮೇಲೆ ಹೇಳುತ್ತೇನೆ, ನಿನ್ನ ಅಂಟಿನುಂಡಿಯ ಕೊಬ್ಬರಿಯನ್ನು ಅಜ್ಜ ತಹಶೀಲ್ದಾರನ ಕೊರಳಿಂದ ಹರಿದು ತಂದಿದ್ದ ಎಂದು. ನಾನು ಹಾಗೆ ಸುಳ್ಳು ಹೇಳುವಾಗ ನೀನು ಪಕ್ಕದಲ್ಲಿ ಕುಳಿತು ಮೀಸೆ ತಿರುವುತ್ತಿರಬೇಕು.

ನಿನ್ನ ಕೈ ನನ್ನ ಕೂಸಿನ ತಲೆಯ ಮೇಲಿರಲಿ, ಹೋರಿಯ ಕೊರಳ ಮೇಲೆ ಬೇಡ.

ಹಾಸಿಗೆಯಿಂದಲೇ ನಿನ್ನ ಕಾಲಿಗೆ ಬಿದ್ದು ಬೇಡುವ,
ನಿನ್ನ ಸವ್ವಿ
ಸವಣೂರು